ಪೀಪಾಯಿ

ಮಂಗಳವಾರ ಕ್ಲಿನಿಕ್ಕಿಗೆ ರಜೆ ಹಾಕಿ ಹೋದೆ.
ಕ್ರಾಕೋವಿನ ಹಳೆಯ ತಂಬಾಕು ಕಾರ್ಖಾನೆ; ಈಗ ಅಲ್ಲಿ
ಮೂರನೇ ಮಹಡಿಯಲ್ಲಿ ಕಾಲುಚೀಲದ ಹುಡುಗರು
ವಿಡಿಯೋ ಗೇಮ್ ಕಟ್ಟುತ್ತಾರೆ.
ಎದೆಗೆ ಅಂಟಿಸಿಕೊಳ್ಳಲು ಚೀಟಿ ಕೊಟ್ಟರು:
ಡೆಲ್ಫಿನಾ ಶಿವಾಕ್, ಸಾಂಸ್ಕೃತಿಕ ಸಲಹೆಗಾರ್ತಿ.
ನಲವತ್ತೊಂದು ವರ್ಷ ಜಿಪ್ಸಿ ಅನ್ನಿಸಿಕೊಂಡಿದ್ದೇನೆ.
ಅದಕ್ಕೆ ಗಂಟೆಗಿಷ್ಟು ಎಂದು ಸಂಬಳ
ಇದೇ ಮೊದಲು.

ಪರದೆಯ ಮೇಲೆ ಅವಳು ಬಂದಳು.
ಕಾಡಿನ ದಾರಿ, ಬಂಡಿ, ಬಂಡಿಗೆ ಕಟ್ಟಿದ ಕರಡಿ,
ಬೆರಳಿಗೆರಡು ಉಂಗುರ, ಹೆಗಲಿಂದ ಜಾರಿದ ರವಿಕೆ,
ನಕ್ಕರೆ ಒಂದು ಚಿನ್ನದ ಹಲ್ಲು.
ಆಟಗಾರ ಅಂಗೈ ಚಾಚಿದರೆ ಭವಿಷ್ಯ ಹೇಳುತ್ತಾಳೆ,
ಹೇಳುತ್ತ ಹೇಳುತ್ತಲೇ
ಅವನ ಚೀಲದಿಂದ ಏಳು ನಾಣ್ಯ ಎತ್ತುತ್ತಾಳೆ.

‘ಶಾಲಿನ ಬಣ್ಣ ಸರಿಯಿದೆಯಾ?’ ಎಂದ ತೊಬಿಯಾಶ್.
ಒಳ್ಳೆಯ ಹುಡುಗ; ಚಹಾಕ್ಕೆ ಸಕ್ಕರೆ ಎಷ್ಟೆಂದು
ಎರಡು ಸಲ ಕೇಳಿದ್ದ.
ಶಾಲು ಸರಿಯಿದೆ, ಅಂದೆ. ಕೈ ಸರಿಯಿಲ್ಲ.
ಯಾವ ಕೈ?
ಚೀಲದೊಳಗಿನದು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಅದು ಆಟದ ಲೆಕ್ಕ, ಅಂದರು. ನಾಣ್ಯ ಹೋದರೆ
ಆಟಗಾರ ಬೆನ್ನಟ್ಟುತ್ತಾನೆ, ಬೆನ್ನಟ್ಟಿದರೆ ಗುಹೆ,
ಗುಹೆಯಲ್ಲಿ ಕತ್ತಿ.
ಕತ್ತಿಯಿಲ್ಲದೆ ಕತೆಯಿಲ್ಲ.

ಹಲ್ಲು ತೋರಿಸಿ, ಅಂದೆ. ದೊಡ್ಡದು ಮಾಡಿದರು.
ಇಪ್ಪತ್ತು ವರ್ಷ ದಂತವೈದ್ಯರ ಪಕ್ಕ ನಿಂತು
ಎಂಜಲು ಹೀರುವ ನಳಿಗೆ ಹಿಡಿದವಳು ನಾನು.
ಕೋರೆಗೆ ಚಿನ್ನದ ಟೋಪಿ ಕೂರುವುದು ಹೀಗಲ್ಲ.
ನಮ್ಮ ಮಾತಲ್ಲಿ ಹಲ್ಲಿಗೆ ದಂದ್ ಅನ್ನುತ್ತೇವೆ, ಅಂದೆ.
ಅದನ್ನು ಮಾತ್ರ ಎಲ್ಲರೂ ಬರೆದುಕೊಂಡರು.

ಹಾಗಾದರೆ ನಿಮ್ಮವರು ನಿಜಕ್ಕೂ ಹೇಗೆ?

ಅಜ್ಜಿ ನೋವಾ ಹುತಾದಲ್ಲಿ ಇಟ್ಟಿಗೆ ಹೊತ್ತಳು,
ಹೊತ್ತ ಇಟ್ಟಿಗೆಯ ಐದನೇ ಮಹಡಿಯಲ್ಲೇ ಸತ್ತಳು.
ಬಂಡಿಯನ್ನು ಅವಳು ಕಂಡದ್ದು ಸಿನಿಮಾದಲ್ಲಿ.
ಅಮ್ಮ ಕಿಟಕಿಯ ಪರದೆಗೆ ವಾರವಾರವೂ ಗಂಜಿ ಹಾಕಿ
ಇಸ್ತ್ರಿ ಮಾಡುತ್ತಿದ್ದಳು, ಬೀದಿಯಿಂದ ನೋಡಿದವರು
ಏನೂ ಅನ್ನಬಾರದೆಂದು. ಆದರೂ ಅನ್ನುತ್ತಿದ್ದರು.
ಮಾವನಿಗೆ ಪಿಟೀಲು ಬರುತ್ತಿರಲಿಲ್ಲ. ಟ್ರಾಮ್ ಓಡಿಸುತ್ತಿದ್ದ,
ಶಿಳ್ಳೆ ಹಾಕಿದರೆ ಅದೂ ಅಪಸ್ವರ.

ಕನ್ನಡಕದ ಹುಡುಗಿ ಮುಂದೆ ಬಾಗಿದಳು:
ಏನಾದರೂ ಆಚರಣೆ? ಸಾವಿನಲ್ಲಿ, ಹುಟ್ಟಿನಲ್ಲಿ?
ಅಜ್ಜಿಯ ಬೋಗುಣಿಗಳು ಕಣ್ಣ ಮುಂದೆ ಬಂದವು,
ಯಾವುದರಲ್ಲಿ ಯಾರ ಬಟ್ಟೆ, ಯಾವುದು ಯಾವುದಕ್ಕೆ ತಾಗಬಾರದು.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.
ಗಂಟೆಗೆ ಎಷ್ಟು ಕೊಟ್ಟರೂ
ಅದು ಮಾರಾಟಕ್ಕಿಲ್ಲ.

ಇವಳ ಹೆಸರೇನು? ಎಂದೆ.
ಕಂಪ್ಯೂಟರು ಹೇಳಿತು: ಜಿಪ್ಸಿ ಹೆಂಗಸು, ಮೂರು.
ಹೆಸರು ಕೊಡಿ. ಒಂದು ಕೆಲಸ ಕೊಡಿ. ನಾಣ್ಯ ಹೋಗಲೇಬೇಕೆಂದರೆ
ನಿಮ್ಮ ಆ ಸುಂಕದ ಅಧಿಕಾರಿ ಕದಿಯಲಿ,
ಅವನ ಕೈಗೆ ಒಪ್ಪುತ್ತದೆ.
ನಕ್ಕರು. ತೊಬಿಯಾಶ್ ಮಾತ್ರ ಕತ್ತು ತುರಿಸಿಕೊಂಡ:
ಬಿಡುಗಡೆಗೆ ಇನ್ನು ಐದೇ ವಾರ.
ಹಲ್ಲು ಕಿತ್ತ ಮೇಲೆ
ನೋವು ಯಾವುದರಲ್ಲಿತ್ತು ಎಂದು ಕೇಳಿದ ಹಾಗೆ.

ಚಳಿಗಾಲಕ್ಕೆ ಆಟ ಬಂತು.
ಅಕ್ಕನ ಮಗ ಸೆವೆರಿನ್ ಶಾಲೆಯಲ್ಲೆಲ್ಲ ಸಾರಿದ್ದ,
ಅದರಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ.
ಕಾಡಿನ ದಾರಿಗೆ ಕುದುರೆ ತಂದು ನಿಲ್ಲಿಸಿದ.
ಬಂಡಿಯಿಲ್ಲ. ಕರಡಿಯಿದೆ, ಈಗ ಯಾರದ್ದೂ ಅಲ್ಲ.
ಅವಳು ನಿಂತಿದ್ದಲ್ಲಿ
ಒಂದು ಪೀಪಾಯಿ.
ಒಡೆದರೆ ಏಳು ನಾಣ್ಯ ಬೀಳುತ್ತವಂತೆ, ಗೆಳೆಯ ಹೇಳಿದ್ದಾನೆ.

ಅವನು ಒಡೆಯಲಿಲ್ಲ. ಸುತ್ತ ಒಂದು ಸುತ್ತು ಬಂದ.
‘ಹಿಂದೆ ಅಡಗಿದ್ದಾಳಾ?’
ತಪ್ಪು ಇಲ್ಲದ ಹಾಗೆ ಮಾಡಿದ್ದಾರೆ, ಅಂದೆ.
ಇದಕ್ಕಿಂತ ಅಗ್ಗದ ದಾರಿ ನನಗೂ ತೋಚುತ್ತಿರಲಿಲ್ಲ.

ಕೊನೆಗೆ ಹೆಸರುಗಳು ಮೇಲೇರಿದವು, ನಿದ್ದೆ ಬರುವಷ್ಟು ಹೊತ್ತು.
ಅಡುಗೆಯವರು, ಯಾರದೋ ನಾಯಿ, ಆಮೇಲೆ
ವಿಶೇಷ ವಂದನೆ: ಡೆಲ್ಫಿನಾ ಶಿಮಾಕ್.
ಒಂದು ಅಕ್ಷರ ನನ್ನದಲ್ಲ.
ಸೆವೆರಿನ್ ಅಲ್ಲೇ ನಿಲ್ಲಿಸಿ ಫೋಟೋ ತೆಗೆದುಕೊಂಡ,
ನಾಳೆ ಶಾಲೆಗೆ ಬೇಕು, ಅಂದ.
ಹೋಗು, ಹಲ್ಲುಜ್ಜಿ ಮಲಗು, ಅಂದೆ.