ಬೆಳಗಿನ ಏಳರ ರಾತ್ರಿಯೂಟ

ಗುದೈಬಿಯಾದ ಈ ಮೂರನೇ ಮಹಡಿಯಲ್ಲಿ
ಜುಲೈ ಬಂತೆಂದರೆ ನಲ್ಲಿಗಳು ಮಾತು ತಪ್ಪುತ್ತವೆ.
ತಣ್ಣೀರಿನದು ಸುಡುತ್ತದೆ,
ಮಾಳಿಗೆ ಮೇಲಿನ ಟ್ಯಾಂಕಿಗೆ ಇರುಳೂ ಇಳಿಯದ ಜ್ವರ;
ಸ್ವಿಚ್ಚು ಆರಿಸಿಟ್ಟ ಗೀಸರಿನೊಳಗೆ ಮಾತ್ರ
ಒಂದು ಬಕೆಟ್ಟಿನಷ್ಟು ತಂಪು ಅಡಗಿರುತ್ತದೆ.
ಹೊಸಬರಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು.
ನನಗೆ ಹೇಳಿಕೊಟ್ಟವಳು ಮಾರಿಸೆಲ್.

ಆ ತಂಪಿನಲ್ಲಿ ತೊಳೆಯುತ್ತೇನೆ
ಅರ್ಧ ಲೋಟ ಕಿನೋವಾ.
ಮೊದಲ ನೀರಿಗೆ ನೊರೆ,
ಎರಡನೆಯದಕ್ಕೂ ನೊರೆ,
ಅಂಟುವಾಳದಲ್ಲಿ ತಲೆ ತೊಳೆದ ಭಾನುವಾರದ ಹಾಗೆ,
ಚರ್ಚಿಗೆ ಹೊತ್ತಾಯಿತೆಂದು ಎಣ್ಣೆ ಪೂರ್ತಿ ಹೋಗುವ ಮೊದಲೇ
ಜಡೆ ಬಿಗಿದುಕೊಂಡು ಓಡಿದ ಹಾಗೆ.
ಇಲ್ಲಿ ಆ ಅವಸರ ಸಲ್ಲ. ನಾಲ್ಕನೇ ನೀರು ತಿಳಿಯಾಗದಿದ್ದರೆ
ಕಹಿ, ಕೊನೆಯ ತುತ್ತಿನವರೆಗೂ.

ಪ್ಯಾಕೆಟ್ಟಿನ ಮೇಲೆ ಪೆರು ದೇಶದ ಬೆಟ್ಟ,
ಬೆಟ್ಟದ ಮೇಲೆ ಹಳದಿ ಚೀಟಿ: ಅರ್ಧ ಬೆಲೆ,
ಒಂದು ದಿನಾರಿಗೆ ಹತ್ತು ಫಿಲ್ಸು ಕಡಿಮೆ.
ಅವಧಿ ಮುಗಿಯಲು ಹನ್ನೆರಡು ದಿನ.
ನನ್ನ ವೀಸಾಕ್ಕೆ ಇದಕ್ಕಿಂತ ಹೆಚ್ಚು ಆಯುಸ್ಸಿದೆ ಅಂದೆ
ಕೌಂಟರಿನ ಹುಡುಗನಿಗೆ.
ಅವನು ಚಿಲ್ಲರೆ ಎಣಿಸುತ್ತಿದ್ದ.

ಹದಿನಾರು ವರ್ಷ ಒಂದೇ ವಾರ್ಡಿನಲ್ಲಿ
ಸಕ್ಕರೆಯವರ ಕಾಲು ತೊಳೆದೆ, ಬೆರಳು ಚುಚ್ಚಿದೆ,
ಅನ್ನ ಬಿಡಿ ಅಂದೆ, ಹರಕು ಅರಬ್ಬಿಯಲ್ಲಿ.
ಹದಿನಾಲ್ಕನೇ ಹಾಸಿಗೆಯ ಉಮ್ ಜಾಸಿಮ್ ಕೇಳಿದ್ದಳು:
‘ಬಿಡ್ತೀನಮ್ಮ.
ಮನೆಗೆ ಬಂದವರ ಮುಂದೆ ಏನಿಡಲಿ,
ನಿನ್ನ ಈ ಕಾಗದವನ್ನೇ?’
ನಾನು ಚಾರ್ಟಿನಲ್ಲಿ ಬರೆದೆ:
ರೋಗಿಗೆ ತಿಳಿವಳಿಕೆ ನೀಡಲಾಗಿದೆ.

ಕಳೆದ ತಿಂಗಳು ಸಿಬ್ಬಂದಿಯ ತಪಾಸಣೆ.
ನನ್ನ ರಕ್ತವೂ ಒಂದು ಸಂಖ್ಯೆ ಹೇಳಿತು.
ಅದೇ ಕಾಗದ ನನ್ನ ಕೈಗಿತ್ತವಳು
ನಾನೇ ಕೆಲಸ ಕಲಿಸಿದ ಗ್ಲೆನಿಟಾ.
ಮುಖ ನೋಡಲಿಲ್ಲ, ಪಾಪ.

ಒಂದಕ್ಕೆರಡು ನೀರು. ಮುಚ್ಚಳ. ಸಣ್ಣ ಉರಿ.
ಕಿಟಕಿಯಾಚೆ ಏಸಿ ಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರಿಗೆ
ಎರಡು ಪಾರಿವಾಳ ಸರತಿ ನಿಂತಿವೆ.
ಮಾರಿಸೆಲ್ ಹಗಲು ಪಾಳಿಗೆ ಶೂ ಕಟ್ಟುತ್ತ
‘ಅವಕ್ಕೇ ಹಾಕು, ಅವುಗಳ ಕಾಳು’ ಎಂದು ನಗುತ್ತಾಳೆ.
ದಿನಕ್ಕೆ ಹತ್ತು ನಿಮಿಷ ನಮ್ಮ ಸಂಸಾರ.
ಅವಳ ಬೆಳಗು, ನನ್ನ ರಾತ್ರಿ,
ಒಂದೇ ಒಲೆ.

ಮುಚ್ಚಳ ತೆಗೆದರೆ
ಒಂದೊಂದು ಕಾಳೂ ಮೈ ಬಿಚ್ಚಿ
ಪಕ್ಕಕ್ಕೊಂದು ಬಿಳಿ ಕೊಂಬು ಎಳೆದುಕೊಂಡಿದೆ,
ಔರಾದಿನ ಶಾಲೆಯಲ್ಲಿ, ಒಂದನೇ ಇಯತ್ತೆಯ ಪಾಟಿಯ ಮೇಲೆ
ಕ ಕೊಂಬು ಕು ಎಂದು ತಿದ್ದಿದ ಹಾಗೆ.
(ಬಳಪ ತಿಂದೆ. ಅದಕ್ಕೆ ಪೆಟ್ಟೂ ತಿಂದೆ.)
ಒಂದು ಪಾತ್ರೆಯ ತುಂಬ ಇಷ್ಟೊಂದು ಅಕ್ಷರ,
ಓದಲು ನಾನೊಬ್ಬಳೇ.

ಕಾಗದದ ಪ್ರಕಾರ ಇನ್ನು ಮೊಸರು, ಸೌತೆ,
ದಾಳಿಂಬೆ ಒಂದು ಚಮಚ,
ಖರ್ಜೂರ ಅರ್ಧ. ಅರ್ಧವೇ.
ಎಲ್ಲ ಹಾಕಿದೆ. ತಿಂದು ನೋಡಿದೆ.
ಒಳ್ಳೆಯದೇ,
ಊರಿನಲ್ಲಿ ಎಲ್ಲರೂ ಒಳ್ಳೆಯವನೆಂದು ಹೇಳಿ
ಯಾರೂ ಊಟಕ್ಕೆ ಕರೆಯದ ಮನುಷ್ಯನ ಹಾಗೆ.

ಆಗ ಮೇಲಿನ ಹಲಗೆಯಿಂದ ಶೇಂಗಾ ಹಿಂಡಿಯ ಡಬ್ಬಿ ಇಳಿಸಿದೆ.
ಚಮಚ ಎಣ್ಣೆ, ಜೀರಿಗೆ,
ಜಜ್ಜಿದ ನಾಲ್ಕು ಬಳ್ಳೊಳ್ಳಿ, ಚುಂಯ್.
ಲಿಫ್ಟಿನ ತನಕ ಹೋಗಿದ್ದ ಮಾರಿಸೆಲ್
ವಾಪಸು ಬಂದು, ಶೂ ಕಳಚದೆ,
ಹೊಸ್ತಿಲಾಚೆಯಿಂದಲೇ ಬಾಯಿ ತೆರೆದಳು.
ಒಂದು ಚಮಚ ಇಟ್ಟೆ. ಇನ್ನೊಂದು.
ಅವಳ ಬಸ್ಸು ತಪ್ಪಿತು.

ಉಮ್ ಜಾಸಿಮ್,
ನೀನು ಈಗ ಯಾವ ಮನೆಯಲ್ಲಿ, ಯಾರ ಮುಂದೆ
ಏನು ಬಡಿಸುತ್ತಿದ್ದೀಯೋ.
ಬಂದವರಿಗೆ ಇದನ್ನಿಡಬಹುದು, ಬಿಸಿ ಇರುವಾಗಲೇ.
ಹಿಂಡಿ ನಾನು ಕಳಿಸುತ್ತೇನೆ.
ಉಪ್ಪು ಮಾತ್ರ ಕಾಗದ ಹೇಳಿದ್ದಕ್ಕಿಂತ
ಒಂದು ಚಿಟಿಕೆ ಮೇಲೆ.
ಅದನ್ನು ಚಾರ್ಟಿನಲ್ಲಿ ಬರೆಯುವುದಿಲ್ಲ.

ಪರದೆ ಎಳೆಯುತ್ತೇನೆ. ಹೊರಗೆ ಆಗಲೇ ನಲವತ್ತು.