ಅಂಕೆಗೆ ಅಂಕೆ

ಡೆನ್ವರ್. ಮೂರನೇ ಮಹಡಿ. ಬಹಿರಂಗ ವಿಚಾರಣೆ.
ಒಬ್ಬೊಬ್ಬರಿಗೆ ಮೂರು ನಿಮಿಷ.
ನಾನು ಶೀಘ್ರಲಿಪಿಯವಳು, ಮೂಲೆಯ ಕುರ್ಚಿ;
ಆಡಿದ್ದನ್ನು ಆಡಿದಂತೆ ಬರೆಯುವುದು ನನ್ನ ಅನ್ನ.
ಈ ಸಲ ಗೋಡೆಗೆ ಪರದೆಯೊಂದನ್ನು ಹಾಕಿದ್ದಾರೆ,
ತಾನೇ ಕೇಳಿ ತಾನೇ ಬರೆಯುತ್ತದೆ,
ನನಗಿಂತ ಅರೆಗಳಿಗೆ ಮುಂದೆ.

ಹದಿನೇಳನೆಯವಳು ಎದ್ದಳು.
'ಅರ್ದೋ ಗೂಲೇದ್. ಫೋರ್ಟ್ ಮಾರ್ಗನ್. ಚೀಸ್ ಕಾರ್ಖಾನೆ, ರಾತ್ರಿ ಪಾಳಿ.'
ಪರದೆ ಬರೆಯಿತು: ಆರ್ಡರ್.
ಹಿಂದಿನ ಸಾಲಲ್ಲಿ ಯಾರೋ ನಕ್ಕರು. ಅವಳು ತಿರುಗಲಿಲ್ಲ.

'ಕಾರಿಗೆ ಒಂದು ಡಬ್ಬಿ ಇಟ್ಟರು ವಿಮೆಯವರು,
ಬೆಂಕಿಪೊಟ್ಟಣದಷ್ಟು.
ಚೆನ್ನಾಗಿ ಓಡಿಸಿದರೆ ರಿಯಾಯಿತಿ ಅಂದರು.
ಬೆಳಗಿನ ಜಾವ ಮೂರೂ ನಲವತ್ತು, ರಸ್ತೆಗೆ ಅಡ್ಡ ಜಿಂಕೆ.
ಬ್ರೇಕ್ ಒತ್ತಿದೆ. ಒಂದು.
ಗಾಳಿಗೆ ಉರುಳಿ ಬಂದ ಮುಳ್ಳುಕಂಟಿ,
ಕತ್ತಲಲ್ಲಿ ಮಗುವೇನೋ ಅನ್ನಿಸಿತು.
ಒತ್ತಿದೆ. ಎರಡು.
ಲಾರಿ ಚೆಲ್ಲಿಹೋದ ಸಕ್ಕರೆಗಡ್ಡೆ, ಕಪ್ಪು ಹಿಮ, ಇನ್ನೊಂದು ಜಿಂಕೆ...
ಒಂದು ಚಳಿಗಾಲಕ್ಕೆ ನಲವತ್ತಾರು.
ಜಿಂಕೆ ಬದುಕಿದ್ದು ಡಬ್ಬಿಗೆ ಗೊತ್ತಿಲ್ಲ.
ನಾನು ಬದುಕಿದ್ದೂ.

ಕಂತು ದುಪ್ಪಟ್ಟಾಯಿತು. ಫೋನ್ ಮಾಡಿದೆ.
ಯಾಕೆ ಅಂದೆ. ನಿಮ್ಮ ಅಂಕ ಕಡಿಮೆ ಅಂದರು.
ಅಂಕ ಯಾಕೆ ಕಡಿಮೆ ಅಂದೆ. ಅಪಾಯ ಹೆಚ್ಚು ಅಂದರು.
ಅಪಾಯ ಯಾಕೆ ಹೆಚ್ಚು ಅಂದೆ.
ಅಂಕ ಕಡಿಮೆಯಲ್ಲವೇ ಅಂದರು.
ಗಾಣದೆತ್ತೂ ಹೀಗೇ ಸುತ್ತುತ್ತದೆ,
ಅಲ್ಲಿ ಎಣ್ಣೆಯಾದರೂ ಬರುತ್ತದೆ.

ಮನುಷ್ಯರೊಬ್ಬರು ನೋಡಲಿ ಅಂತ ಬರೆದುಹಾಕಿದೆ.
ನೋಡಿದರು.
ಅರ್ಜಿ ತಲುಪಿದ್ದು ಹತ್ತೂ ಹನ್ನೆರಡಕ್ಕೆ,
ತಿರಸ್ಕರಿಸಿದ್ದು ಹತ್ತೂ ಹನ್ನೆರಡಕ್ಕೆ.
ಕೆಳಗೊಂದು ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಸಿಟ್ಟಿಲ್ಲ,
ಅವರ ಮೇಜಿಗೂ ಯಾವುದೋ ಡಬ್ಬಿ ಇಟ್ಟಿರಬೇಕು.'

ಹಳದಿ ದೀಪ ಹತ್ತಿತು. ಮೂವತ್ತು ಸೆಕೆಂಡು.

'ನನ್ನ ಅಜ್ಜಿ ಮರಳಿನ ಹೆಜ್ಜೆ ನೋಡಿಯೇ ಹೇಳುತ್ತಿದ್ದಳು,
ಯಾರ ಒಂಟೆ, ಎಷ್ಟು ವಯಸ್ಸು, ಗಬ್ಬವೋ ಅಲ್ಲವೋ.
ತಪ್ಪುತ್ತಿರಲಿಲ್ಲ.
ಆದರೂ ಬೆಲೆ ಕಟ್ಟುವ ಮುಂಚೆ
ಎದ್ದು ಹೋಗಿ ಒಂಟೆಯ ಮುಖ ನೋಡುತ್ತಿದ್ದಳು.'

ಕೆಂಪು ದೀಪ.
ಅವಳು ಇನ್ನೂ ನಿಂತಿದ್ದಳು. ನನ್ನ ಯಂತ್ರದಲ್ಲಿ
ನಿಂತಿರುವುದಕ್ಕೆ ಕೀಲಿಯಿಲ್ಲ.

ಆಮೇಲೆ ಕರಡಿನ ಏಳನೇ ಕಲಂ.
'ನಿರ್ಧಾರಕ್ಕೆ ನೆರವಾಗುವ ಯಂತ್ರ' ಎಂದಿತ್ತು.
ಕಂಪನಿಗಳ ವಕೀಲರು ಒಳ್ಳೆಯವರು, ಮೆಲುಮಾತಿನವರು,
ಮಂಡಳಿಗೆಲ್ಲ ಕಾಫಿ ತರಿಸಿದವರು;
'ನಿರ್ಧಾರವನ್ನು ತಾನೇ ಮಾಡುವ ಯಂತ್ರ' ಅಂತಿರಲಿ, ಅಷ್ಟೇ, ಅಂದರು.
ಅಷ್ಟೇ.
ಅಷ್ಟರಲ್ಲೇ ಅರ್ದೋಳ ಡಬ್ಬಿ ಬೇಲಿಯಾಚೆ ಹಾರಿತು:
ಅದು ಬರೀ ನೆರವು ಸ್ವಾಮಿ,
ನಿರ್ಧರಿಸಿದ್ದು ಹತ್ತೂ ಹನ್ನೆರಡರ ಆ ಹೆಸರು.

ಹಣೆಬರಹ ಬರೆದವನಿಗಾದರೆ ಬೈಯಬಹುದಿತ್ತು,
ಹರಕೆ ಹೊತ್ತು ತಿದ್ದಿಸಲು ನೋಡಬಹುದಿತ್ತು.
ಇದು ಬರೆದ ಮೇಲೆ ಪುಸ್ತಕ ಮುಚ್ಚಿ
ವ್ಯಾಪಾರದ ಗುಟ್ಟು ಎನ್ನುತ್ತದೆ.
ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು, ಸರಿ,
ಬಾಲದ ಬೆಂಕಿ ಎಲ್ಲರಿಗೂ ಕಾಣುತ್ತಿತ್ತು.
ಅಂಕೆಯಿಲ್ಲದ ಅಂಕೆ ಸುಟ್ಟರೆ
ಹೊಗೆಯೂ ಏಳುವುದಿಲ್ಲ.

ಮಂಡಳಿ ಯೋಚಿಸಿತು. ಮುಂದಿನ ತಿಂಗಳಿಗೆ ಇಟ್ಟುಕೊಂಡಿತು.
ಮಂಡಳಿಯ ಮುದುಕಿಯೊಬ್ಬಳು ಮಾತ್ರ ಅಂಚಿನಲ್ಲಿ
ಪೆನ್ಸಿಲಿನಿಂದ ಏನನ್ನೋ ಗೀಚಿದಳು.
ಒಂಟೆ ಇರಬಹುದು, ಬರೀ ಗೆರೆ ಇರಬಹುದು,
ನನ್ನ ಕುರ್ಚಿಗೆ ಕಾಣಲಿಲ್ಲ.

ಸಂಜೆ ವಾಹನಗಳ ನಡುವೆ ನಡೆಯುತ್ತ
ಮನಸ್ಸಿನಲ್ಲೇ ಪರದೆಯ ತಪ್ಪು ತಿದ್ದುತ್ತಿದ್ದೆ,
ಆರ್ಡರ್ ಅಲ್ಲ, ಅರ್ದೋ. ಅರ್ದೋ.
ಗಕ್ಕನೆ ಒಂದು ಕಾರು
ಮೊಣಕಾಲಿಗೆ ಗೇಣಷ್ಟರಲ್ಲಿ ನಿಂತಿತು.
ಗಾಜಿನಾಚೆ ಅವಳೇ.
ಕೈಯೆತ್ತಿದಳು, ಹೋಗು, ಹೋಗು ಎಂಬಂತೆ.

ನಲವತ್ತೇಳು.

ಡಬ್ಬಿ ಬರೆದುಕೊಂಡಿತು.
ಎದುರಿಗೆ ನಾನಿದ್ದೆ ಎನ್ನುವುದು
ನನ್ನ ಪ್ರತಿಯಲ್ಲೂ ಇಲ್ಲ;
ವಿಚಾರಣೆ ನಾಲ್ಕೂವರೆಗೇ ಮುಗಿದಿತ್ತು.