ಬಲ ಎಂಟು, ಎಡ ಏಳು

ಮೂವತ್ತೊಂದು ವರ್ಷದಿಂದ
ಊರಿನ ಮುಖಗಳಿಗಿಂತ ಪಾದಗಳೇ ನನಗೆ ಗುರುತು.
ಕಾರವಾರದ ಗ್ರೀನ್ ಸ್ಟ್ರೀಟಿನ ಅಂಗಡಿಯಲ್ಲಿ
ಮೊಣಕಾಲೂರಿ ಕೂತವನಿಗೆ
ಗಿರಾಕಿ ಎಂದರೆ ಹಿಮ್ಮಡಿ, ಹೆಬ್ಬೆರಳು, ಸಾಕ್ಸಿನ ತೂತು.

ಪೋಲೀಸ್ ಭರ್ತಿಗೆ ಓಡುವ ಹುಡುಗರು ಬರುತ್ತಾರೆ.
ಯಾವುದು ಹಗುರ ಎಂದು ಅಂಗೈಯಲ್ಲಿ ತೂಗಿ ತೂಗಿ
ಕೊನೆಗೆ ಬಣ್ಣ ನೋಡಿ ಒಯ್ಯುತ್ತಾರೆ.
ನೇವಿ ಕ್ವಾರ್ಟರ್ಸಿನವರಿಗೆ
ತೋಳಿಗೆ ಕಟ್ಟುವ ಫೋನಿನ ಚೀಲ, ಬೆವರು ಹೀರುವ ಟೀ ಶರ್ಟು.
ಈ ಊರಿನ ಮೇ ತಿಂಗಳ ಬೆವರನ್ನು ಹೀರುವ ಬಟ್ಟೆ
ಯಾವ ಗಿರಣಿಯೂ ಇನ್ನೂ ನೇಯ್ದಿಲ್ಲ.
ಅದನ್ನು ನಾನು ಹೇಳುವುದಿಲ್ಲ.

ಆ ದಿನ ಎರಡೂವರೆಗೆ, ಮೀನುಪೇಟೆ ಮುಗಿಸಿ
ಬುದವಂತಿ ಹರಿಕಂತ್ರ ಬಂದಳು.
ಖಾಲಿ ಬುಟ್ಟಿಯನ್ನು ಹೊರಗೆ ಬಿಟ್ಟಳು,
ವಾಸನೆಯನ್ನು ಬಿಡಲಾಗಲಿಲ್ಲ.
ಮಾಲಕ ಪೆಡ್ನೇಕರರು ಇನ್ನೊಂದು ಊದುಬತ್ತಿ ಹಚ್ಚಿದರು.

"ಸಕ್ಕರೆ ಇನ್ನೂರಾ ಎಂಬತ್ತಂತೆ ತಮಾ.
ದಿನಾ ನಡೀಬೇಕಂತೆ, ಬೂಟು ಹಾಕ್ಕಂಡೇ ನಡೀಬೇಕಂತೆ.
ಬೈತಖೋಲದಿಂದ ಪೇಟೆಗೆ
ನಲವತ್ತು ವರ್ಷ ಬುಟ್ಟಿ ಹೊತ್ತು ಬಂದದ್ದು
ಡಾಕ್ಟರ ಲೆಕ್ಕದಲ್ಲಿ ನಡಿಗೆ ಅಲ್ವಂತೆ."

ನಾಲ್ಕು ಜೋಡಿ ಮುಂದಿಟ್ಟೆ.
ಬೆಲೆ ಕೇಳಲಿಲ್ಲ.
ಬೂಟಿನ ನಾಲಗೆ ಎತ್ತಿ
ಕಿವಿರು ನೋಡುವ ಹಾಗೆ ಒಳಗೆ ನೋಡಿದಳು.
ಹೊಟ್ಟೆ ಒತ್ತಿದಳು:
ಬೆರಳು ತೆಗೆದ ಕೂಡಲೇ ತಗ್ಗು ತುಂಬಿ ಬರಬೇಕು.
ಮೂಗಿಗೆ ಹಿಡಿದಳು.
"ಇದು ತಾಜಾ ಅಲ್ಲ" ಎಂದಳು ಎರಡನೆಯದಕ್ಕೆ.
ಅಲ್ಲವೇ ಅಲ್ಲ. ಎರಡು ಮಳೆಗಾಲದಿಂದ ಅಟ್ಟದಲ್ಲಿತ್ತು,
ಡಬ್ಬಿ ಮಾತ್ರ ಹೊಸದು.
ಪೆಡ್ನೇಕರರು ಕ್ಯಾಲೆಂಡರ್ ನೋಡತೊಡಗಿದರು.

ಹೆಜ್ಜೆ ಎಣಿಸುವ ಗಡಿಯಾರವನ್ನೂ ತೋರಿಸಿದೆ, ಅಂಗಡಿಯ ರೂಢಿ.
"ನೂರಕ್ಕೊಂದು ಬಂಗಡೆ ಬದಿಗಿಟ್ಟು ಸಾವಿರ ಎಣಿಸೋಳು ನಾನು.
ಇದರ ಹತ್ರ ಲೆಕ್ಕ ಕಲೀಬೇಕನಾ?"
ಟ್ರ್ಯಾಕ್ ಪ್ಯಾಂಟು ಎಂದೆ.
ಮೊಣಕಾಲಿನವರೆಗೆ ಬಿಗಿದ ಸೀರೆಯನ್ನು ಒಮ್ಮೆ ತಟ್ಟಿಕೊಂಡಳು.
ಅಷ್ಟೇ.

ಪಾದ ಕೊಡಲು ಮಾತ್ರ ನಾಚಿದಳು.
ಹಿತ್ತಲ ನಲ್ಲಿಯಲ್ಲಿ ಎರಡು ಸಲ ತೊಳೆದು ಬಂದಳು,
ಅಳತೆಪಟ್ಟಿಗಿಂತ ಮೊದಲು
ಒದ್ದೆ ಹೆಜ್ಜೆಗಳೇ ನೆಲದ ಮೇಲೆ ಹೇಳಿಬಿಟ್ಟವು:
ಎಡ ಏಳು, ಬಲ ಎಂಟು.

"ಮೆಟ್ಟುಗತ್ತಿ" ಎಂದಳು, ತಪ್ಪು ಒಪ್ಪಿಕೊಂಡವಳ ಹಾಗೆ.
ಹನ್ನೊಂದನೇ ವಯಸ್ಸಿನಿಂದ ಮಣೆ ಮೆಟ್ಟಿದ ಕಾಲು.
ಎಷ್ಟು ಇಸ್ವಾಣದ ತಲೆ, ಎಷ್ಟು ಮೋರಿಯ ಬೆನ್ನು
ಆ ಒಂದು ಪಾದದ ಭಾರಕ್ಕೆ ಹೋಳಾಗಿವೆಯೋ,
ಬೆರಳುಗಳು ಒಂದನ್ನೊಂದು ಬಿಟ್ಟು
ಬಲೆಯ ಹಾಗೆ ಹರಡಿಕೊಂಡಿದ್ದವು.

ಏಳು ಹಾಕಿದರೆ ಬಲಗಾಲು ಕಚ್ಚುತ್ತದೆ,
ಎಂಟು ಹಾಕಿದರೆ ಎಡಗಾಲು ಈಜುತ್ತದೆ.
ಸಕ್ಕರೆಯವರ ಕಾಲಿಗೆ ಒಂದು ಗುಳ್ಳೆ ಎಂದರೆ ಏನೆಂದು
ನನ್ನ ಅಪ್ಪನ ಕಾಲಿನಿಂದ ನನಗೆ ಗೊತ್ತು.
ಜೋಡಿ ಮುರಿಯುವ ಹಾಗಿಲ್ಲ, ಅಂಗಡಿಯ ಕಾನೂನು.

ಮುರಿದೆ.
ಒಂದು ಜೋಡಿಯ ದುಡ್ಡು ಅವಳು ಎಣಿಸಿ ಕೊಟ್ಟಳು,
ನೋಟಿಗೆ ಅಂಟಿದ ಒಂದು ಪೊರೆ ಕೌಂಟರಿನ ಮೇಲೆ ಹೊಳೆಯಿತು.
ಇನ್ನೊಂದು ಜೋಡಿಯದು
ಮೂರು ತಿಂಗಳು ನನ್ನ ಪಗಾರದಲ್ಲಿ ಕಟ್ಟಾಯಿತು.
ಅದು ಅವಳಿಗೆ ಗೊತ್ತಿಲ್ಲ.

ಮೊನ್ನೆ ಬೆಳಿಗ್ಗೆ ಕಡಲತೀರದಲ್ಲಿ ಕಂಡಳು.
ಲೇಸಿನಿಂದ ಗಂಟುಹಾಕಿದ ಬೂಟು ಕೊರಳಲ್ಲಿ,
ಕಾಲು ಬರಿ, ನಡಿಗೆ ಜೋರು.
"ಡಾಂಬರಿಗೆ ಹಾಕ್ತೆ ಮಾರಾಯಾ, ಹೊಯ್ಗೆಗೆ ಎಂಥಕ್ಕೆ?
ಹೊಯ್ಗೆ ಹೊಕ್ರೆ ಹಾಳಾಗ್ತದೆ, ಇಷ್ಟು ಚಂದದ್ದು."
ಬಯ್ಯಬೇಕಿತ್ತು. ಹಿಂದೆ ಅಲೆ
ಏಳನ್ನೂ ಎಂಟನ್ನೂ ಒಟ್ಟಿಗೇ ಅಳಿಸುತ್ತಿತ್ತು.

ಅಟ್ಟದ ಮೇಲೆ ಡಬ್ಬಿಯೊಂದಿದೆ,
ನನ್ನದೇ ಅಕ್ಷರದಲ್ಲಿ: ಎಡ ಎಂಟು, ಬಲ ಏಳು.
ಈಗ ಯಾರು ಒಳಗೆ ಬಂದರೂ
ಮೊದಲು ಎಡಗಾಲು ನೋಡುತ್ತೇನೆ.
ಅಂಕೋಲೆಯಲ್ಲೋ ಮಾಜಾಳಿಯಲ್ಲೋ
ಎಡಚಳೊಬ್ಬಳು
ಈ ಹೊತ್ತಿಗೂ ಮಣೆ ಮೆಟ್ಟಿ ಕೂತಿರಬೇಕು.